ಮೂಲ ಕೇಳಬಾರದ ನೀರು

ಮಾರ್ಚ್ ೬, ಶುಕ್ರವಾರ

ಮೊದಲ ದಿನ ಮುಗಿಯಿತು. ಶಿಕಾರಿಪುರದ ಹುಚ್ಚರಾಯಸ್ವಾಮಿ ಗುಡಿಯ ಜಗಲಿಯ ಮೇಲೆ ಕುಳಿತು ಬರೆಯುತ್ತಿದ್ದೇನೆ, ಬೆಳಕು ಇನ್ನೂ ಇದೆ. ಎಲ್ಲರೂ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಾರೆ. ಬೆಳಗ್ಗೆ ಊರು ಬಿಟ್ಟು ಈಸೂರು ದಾಟಿ ಇಲ್ಲಿಗೆ ಬರುವಷ್ಟರಲ್ಲಿ ನನ್ನ ಅಂಗಾಲಿನಲ್ಲಿ ಎರಡು ಬೊಕ್ಕೆ ಎದ್ದಿವೆ. ಬೊಕ್ಕೆಗೆ ನಾನು ಹೆದರುವವಳಲ್ಲ. ಹೆದರಿಕೆ ಬೇರೆಯೇ ಇದೆ, ಅದಕ್ಕೇ ಈ ನೋಟುಬುಕ್ಕು. ಯಾರ ಹತ್ತಿರವೂ ಹೇಳುವ ಹಾಗಿಲ್ಲ, ಎಲ್ಲಿಯೂ ಹೇಳದೆ ಇದ್ದರೆ ಹೊಟ್ಟೆ ಒಡೆದುಹೋಗುತ್ತದೆ.

ನಾವು ಹದಿನಾರು ಜನ ಸಿಗಂದೂರಿಗೆ ಹೊರಟಿದ್ದೇವೆ, ಚೌಡೇಶ್ವರಿಯ ದರ್ಶನಕ್ಕೆ, ಬರಿಗಾಲಿನಲ್ಲಿ, ಎಂಟು ದಿನದ ದಾರಿ. ಹಾಸಿಗೆ, ಅಡುಗೆ ಪಾತ್ರೆ ಎಲ್ಲ ಗೂಡ್ಸ್ ಆಟೊದಲ್ಲಿ ಬರುತ್ತದೆ. ಮುಂದಾಳು ಗೊಬ್ಬರದ ಅಂಗಡಿಯ ಸಂಗಮೇಶಣ್ಣ. ಕೊರಳಿಗೆ ಪೀಪಿ ಕಟ್ಟಿಕೊಂಡು ಡ್ರಿಲ್ ಮೇಷ್ಟ್ರ ಹಾಗೆ ಊದುತ್ತಾರೆ. ಊದಿದಾಗಲೆಲ್ಲ ಬೀದಿಯ ನಾಯಿಗಳು ಓಡಿ ಬರುತ್ತವೆ, ನಾವು ಬರುವುದಿಲ್ಲ. ಅವರ ಅಪ್ಪನ ಕಾಲದಿಂದ ಈ ಪಾದಯಾತ್ರೆಗೆ ಮೂರು ನೇಮ. ಕೊಂಡ ನೀರು ಕುಡಿಯಬಾರದು. ದಾರಿಯಲ್ಲಿ ಯಾರಾದರೂ ಕೊಟ್ಟ ನೀರನ್ನು ಬೇಡ ಅನ್ನಬಾರದು. ಕೊಟ್ಟ ನೀರು ಎಲ್ಲಿಯದು ಎಂದು ಕೇಳಬಾರದು. ಹೊರಡುವ ಮೊದಲೇ ನಾನು ಮೂರನೆಯದಕ್ಕೆ ತಕರಾರು ಎತ್ತಿದೆ. ಸಂಗಮೇಶಣ್ಣ ನಕ್ಕು, ಋಷಿಮೂಲ ನದೀಮೂಲ ಹುಡುಕಬಾರದು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ ಎಂದರು. ನದಿಯ ಮೂಲ ಬೇಡ, ಕೊಡದ ಮೂಲವನ್ನಾದರೂ ಕೇಳೋಣ ಎಂದೆ. ಎಲ್ಲರೂ ನಕ್ಕರು, ಅಷ್ಟಕ್ಕೇ ಮುಗಿಯಿತು.

ನಾನು ಊರಿನ ನೀರುಗಂಟಿ. ನನ್ನ ಯಜಮಾನರು ದೇವರಾಜ ತೀರಿಕೊಂಡ ಮೇಲೆ ಪಂಚಾಯಿತಿಯವರು ಅವರ ಕೆಲಸ ನನಗೆ ಕೊಟ್ಟರು. ಮೋಟರ್ ಹಾಕುವುದು, ವಾಲ್ವ್ ತಿರುಗಿಸುವುದು, ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕುವುದು, ಹಾಕಿದ್ದನ್ನು ರಿಜಿಸ್ಟರಿನಲ್ಲಿ ಬರೆಯುವುದು. ಯಾತ್ರೆಯಲ್ಲೂ ನೀರಿನ ಉಸ್ತುವಾರಿ ನನಗೇ ಬಂತು. ರಜನಿ ಇದ್ದಾಳೆ, ನೀರಿನ ಚಿಂತೆ ಇಲ್ಲ ಎಂದು ಸಂಗಮೇಶಣ್ಣ ಎಲ್ಲರ ಮುಂದೆ ಹೇಳಿದಾಗ ನನಗೆ ಎಲ್ಲಿಗಾದರೂ ಓಡಿಹೋಗಬೇಕು ಅನ್ನಿಸಿತು.

ವೀರಮ್ಮಜ್ಜಿ ಬರದಿದ್ದರೆ ನಾನೂ ಬರುತ್ತಿರಲಿಲ್ಲ. ಅರವತ್ತೆಂಟು ವರ್ಷದ ಒಣಕಲು ಮೈ, ಬಾಯಿ ಮಾತ್ರ ಗಟ್ಟಿ. ಅವರ ಯಜಮಾನರು ಉಜ್ಜಪ್ಪಜ್ಜ ಹೋದ ಜೂನಿನಲ್ಲಿ ವಾಂತಿಭೇದಿಯಾಗಿ ಮೂರೇ ದಿನಕ್ಕೆ ಹೋಗಿಬಿಟ್ಟರು. ಊರಿನಲ್ಲಿ ಒಂದು ಮದುವೆಯಿತ್ತು. ಅವತ್ತು ಸಂಜೆಯಿಂದಲೇ ಅಜ್ಜನೂ ಸೇರಿ ಹನ್ನೊಂದು ಜನ ವಾಂತಿಭೇದಿಯಿಂದ ಮಲಗಿದರು. ಪಾಯಸದ ಹಾಲು ಕೆಟ್ಟಿತ್ತು ಎಂದು ಊರೆಲ್ಲ ಅಡುಗೆ ಸದಾಶಿವಣ್ಣನ ಮೇಲೆ ಬಿದ್ದಿತು. ಆಮೇಲೆ ಒಂದು ಮನೆಯವರೂ ಅವರನ್ನು ಅಡುಗೆಗೆ ಕರೆದಿಲ್ಲ. ಈ ಯಾತ್ರೆಗೂ ಬೇರೆ ಯಾರೂ ಸಿಗದೆ ಸಂಗಮೇಶಣ್ಣ ಅವರನ್ನು ಕರೆತಂದಿದ್ದಾರೆ. ಅಜ್ಜಿ ಅವರ ಕೈಯ ಅನ್ನ ಮುಟ್ಟುವುದಿಲ್ಲ. ಎಂಟು ದಿನಕ್ಕಾಗುವಷ್ಟು ಖಡಕ್ ರೊಟ್ಟಿ, ಅವಲಕ್ಕಿ, ಶೇಂಗಾ ಪುಡಿ ಬುತ್ತಿ ಕಟ್ಟಿಕೊಂಡು ಬಂದಿದ್ದಾರೆ.

ತಪ್ಪು ಪಾಯಸದ್ದಲ್ಲ, ನೀರಿನದು. ಮದುವೆಯ ಹಿಂದಿನ ಮಳೆಗೆ ಚರಂಡಿ ಪಕ್ಕದ ಪೈಪು ಒಡೆದಿತ್ತು. ಬ್ಲೀಚಿಂಗ್ ಚೀಲ ನೆನೆದು ಗಂಟು ಕಟ್ಟಿತ್ತು, ಹೊಸದು ತರಲು ನನಗೆ ಎರಡು ದಿನ ಹಿಡಿಯಿತು. ಆ ಎರಡು ದಿನವೂ ರಿಜಿಸ್ಟರಿನಲ್ಲಿ 'ಹಾಕಲಾಗಿದೆ' ಎಂದು ಬರೆದೆ. ಎಲ್ಲ ಊರಿನ ನೀರುಗಂಟಿಗಳೂ ಹಾಗೇ ಬರೆಯುತ್ತಾರೆ. ಪರೀಕ್ಷೆಗೆ ನೀರು ಒಯ್ಯುವವರು ಬರುವಷ್ಟರಲ್ಲಿ ಟ್ಯಾಂಕಿಗೆ ಪುಡಿ ಬಿದ್ದಾಗಿತ್ತು, ನೀರು ಚೆನ್ನಾಗಿದೆ ಎಂದೇ ಕಾಗದ ಬಂತು. ಯಾರಿಗೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಅಜ್ಜಿಗೆ ಎಂಟು ದಿನ ಏನೂ ಆಗದ ಹಾಗೆ ನೋಡಿಕೊಂಡರೆ ನನ್ನ ಪಾಪ ಅಷ್ಟಾದರೂ ಕಳೆಯುತ್ತದೆ ಎಂದುಕೊಂಡು ಬಂದಿದ್ದೇನೆ.

ಪಂಚಾಯಿತಿಯ ಪೆಟ್ಟಿಗೆಯಿಂದ ಹತ್ತು ಪರೀಕ್ಷೆ ಬಾಟಲಿ ತಂದಿದ್ದೇನೆ. ಕೆಮ್ಮಿನ ಔಷಧಿ ಬಾಟಲಿಯಷ್ಟೇ ಇವೆ. ಗೆರೆಯವರೆಗೆ ನೀರು ತುಂಬಿ, ಮುಚ್ಚಳ ಬಿಗಿದು, ಬೆಚ್ಚಗೆ ಇಡಬೇಕು. ನೀರು ಕೆಟ್ಟಿದ್ದರೆ ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಬೆಚ್ಚಗಿರಲಿ ಎಂದು ಸೊಂಟದ ಸಂಚಿಯಲ್ಲಿ ಇಟ್ಟುಕೊಂಡಿದ್ದೇನೆ. ತೊಂದರೆ ಏನೆಂದರೆ, ಬಾಟಲಿ ಉತ್ತರ ಹೇಳುವ ಹೊತ್ತಿಗೆ ನಾವು ಆ ನೀರು ಕುಡಿದು ಒಂದು ದಿನದ ದಾರಿ ಮುಂದೆ ಹೋಗಿರುತ್ತೇವೆ.

ಮಾರ್ಚ್ ೭, ಶನಿವಾರ

ನಿನ್ನೆಯ ಎರಡು ಬಾಟಲಿಯೂ ಚೆನ್ನಾಗಿವೆ, ಬಣ್ಣ ತಿರುಗಿಲ್ಲ. ಶಿರಾಳಕೊಪ್ಪದ ದಾರಿಯಲ್ಲಿ ಇವತ್ತು ಐದು ಕಡೆ ನೀರು ಕೊಟ್ಟರು. ಐದು ಕಡೆಯೂ ಅಜ್ಜಿ ಕೈಮುಗಿದು ಕುಡಿದರು. ಪ್ರತಿ ಸಲ ಅವರ ಗಂಟಲು ಅಲುಗುವುದನ್ನು ನೋಡುತ್ತಾ ನಿಂತಿದ್ದೆ. ಯಾಕೆ ಹಾಗೆ ನೋಡ್ತೀಯೇ, ನನ್ನ ಕೊರಳಲ್ಲಿ ಸರ ಗಿರ ಇಲ್ಲ ಎಂದು ನಗಾಡಿದರು.

ಬಿಸಿಲು ಅಂದರೆ ಬಿಸಿಲು. ತೋಟದ ಬೇಲಿಗಳಲ್ಲಿ, ಹೊಸ ಮನೆಗಳ ಗೇಟಿನಲ್ಲಿ ಆ ಬೋರ್ಡುಗಳು: ಸಿಗಂದೂರು ಚೌಡೇಶ್ವರಿಯ ಕಾವಲಿದೆ. ಕಳ್ಳರು ಹೆದರಲಿ ಎಂದು ಹಾಕಿರುತ್ತಾರೆ. ಮೊದಲು ಇವನ್ನೆಲ್ಲ ಗಮನಿಸಿಯೇ ಇರಲಿಲ್ಲ, ಈಗ ಒಂದೊಂದೂ ನನ್ನನ್ನೇ ನೋಡುವಂತಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ನನ್ನ ಗತಿ ಅದೇ.

ಸಂಜೆ ಒಲೆಯ ಹತ್ತಿರ ಕುಡಿಯುವ ನೀರು ಕುದಿಸುತ್ತಿದ್ದೆ. ಸದಾಶಿವಣ್ಣ ಅಕ್ಕಿ ತೊಳೆಯುತ್ತಿದ್ದರು. ಮೂರು ಸಲ ತೊಳೆದ ಅಕ್ಕಿಯನ್ನು ನಾಲ್ಕನೆಯ ಸಲ ತೊಳೆದರು, ಸೌಟನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆದರು. ಹಿಂದೆ ಇವರು ಐನೂರು ಎಲೆಗೆ ಹಾಡು ಹೇಳಿಕೊಂಡು ಬಡಿಸುತ್ತಿದ್ದವರು. ತಾಯಿಯ ಹತ್ತಿರ ಏನು ಬೇಡಿಕೊಳ್ಳುತ್ತೀರಿ ಎಂದು ಮಾತಿಗೆ ಕೇಳಿದೆ. ಕೇಳಬಾರದಿತ್ತು.

"ಬೇಡೋದೇನಿಲ್ಲ, ದೂರು ಕೊಡೋಕೆ ಹೊಂಟೀನಿ," ಎಂದರು. "ನನ್ನ ಕೈ ತಪ್ಪಿದ್ರೆ ನನ್ನ ಕೈ ತಗೊಂಬಿಡು ಅಂತೀನಿ. ಬೇರೆಯವರ ತಪ್ಪಾಗಿದ್ರೆ ಅವರ್‍ನ ಬಿಡಬ್ಯಾಡ ಅಂತೀನಿ. ಅಷ್ಟೇ ಕಣಮ್ಮ."

ನನ್ನ ಕೈಯ ಮುಚ್ಚಳ ಜಾರಿ ಕೆಳಗೆ ಬಿತ್ತು. ಸುಟ್ಟಿತೇನಮ್ಮಾ ಎಂದು ಅವರೇ ಓಡಿ ಬಂದು ತಣ್ಣೀರು ಹಾಕಿದರು. ಕೈ ಸುಟ್ಟಿರಲಿಲ್ಲ.

ಮಾರ್ಚ್ ೮, ಭಾನುವಾರ

ನಿದ್ದೆ ಇಲ್ಲ. ಸಿಗಂದೂರು ಹತ್ತಿರವಾಗುತ್ತಿದೆ. ಕಾಲುನೋವು ಅಂತ ಹೇಳಿ ಸೊರಬದಿಂದ ಬಸ್ ಹತ್ತಿ ವಾಪಸ್ ಹೋಗಿಬಿಡಲೇ ಎಂದು ಹತ್ತು ಸಲ ಯೋಚಿಸಿದೆ. ಹೋದರೆ ಅಜ್ಜಿಯ ನೀರು ನೋಡುವವರು ಯಾರು.

ಶಿರಾಳಕೊಪ್ಪ ಬಿಟ್ಟು ಸೊರಬದ ಕಡೆ ನಡೆಯುವಾಗ ಹನ್ನೊಂದು ಗಂಟೆಗೆ ರಸ್ತೆ ಬದಿಯ ಹುಣಸೆಮರದ ಕೆಳಗೆ ಒಂದು ಅರವಟ್ಟಿಗೆ ಸಿಕ್ಕಿತು. ತೆಂಗಿನ ಗರಿಯ ಚಪ್ಪರ, ಮರಳಿನ ಮೇಲೆ ನಾಲ್ಕು ದೊಡ್ಡ ಮಡಕೆ, ಒದ್ದೆ ಬಟ್ಟೆ ಸುತ್ತಿದ್ದವು. ಹೂವಮ್ಮ ಎಂಬ ಹೆಂಗಸು ನಡೆಸುತ್ತಾರೆ. ತೀರಿಕೊಂಡ ಮಗಳ ಹೆಸರಿನಲ್ಲಿ ಪ್ರತಿ ಬೇಸಿಗೆ ಅರವಟ್ಟಿಗೆ ಇಡುತ್ತಾರಂತೆ. ಬನ್ನಿ ಮಾರಾಯ್ರೆ, ಕೂತ್ಕಳಿ, ಕಾಲು ತೊಳ್ಕಳಿ ಎಂದು ಒಬ್ಬೊಬ್ಬರನ್ನೂ ಕರೆದು ಕೂರಿಸಿದರು. ನೀರು ಎಷ್ಟು ತಣ್ಣಗಿತ್ತು ಅಂದರೆ ಹಲ್ಲು ಜುಮ್ಮೆಂದಿತು. ಲಾವಂಚದ ಬೇರು ಹಾಕಿದ್ದರು, ಘಮಘಮ. ನಾನೂ ಹೆದರಿಕೆ ಮರೆತು ಎರಡು ಲೋಟ ಕುಡಿದೆ. ಅಜ್ಜಿ ನಾಲ್ಕು ಕುಡಿದರು. ಊರು ಬಿಟ್ಟ ಮೇಲೆ ಇವತ್ತು ಬಾಯಾರಿಕೆ ಹೋಯಿತು ನೋಡು ಎಂದು ಹೂವಮ್ಮನ ಗಲ್ಲ ಸವರಿದರು. ಲಾವಂಚದ ವಾಸನೆಯ ಹಿಂದೆ ಬೇರೆ ಏನಾದರೂ ವಾಸನೆ ಇತ್ತೇ? ನನಗೆ ಗೊತ್ತಾಗಲಿಲ್ಲ.

ಎಲ್ಲಿಯ ನೀರು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಸಂಗಮೇಶಣ್ಣ ನನ್ನನ್ನೇ ನೋಡಿದರು, ಸುಮ್ಮನಾದೆ. ಲೋಟದಲ್ಲಿ ಉಳಿದದ್ದನ್ನು ಮರದ ಹಿಂದೆ ಹೋಗಿ ಬಾಟಲಿಗೆ ತುಂಬಿಕೊಂಡೆ. ಇದು ಆರನೆಯದು.

ಮಾರ್ಚ್ ೯, ಸೋಮವಾರ, ಬೆಳಗ್ಗೆ

ಆರನೆಯ ಬಾಟಲಿ ಯಾಕೋ ಕಂದು ಬಣ್ಣಕ್ಕೆ ಬಂದಿದೆ. ಬೆಳಕಿಗೆ ಹಿಡಿದು ನೋಡಿದೆ, ನೆರಳಿನಲ್ಲಿ ಹಿಡಿದು ನೋಡಿದೆ. ಉಳಿದ ಐದರ ಪಕ್ಕ ಇಟ್ಟು ನೋಡಿದೆ. ನನ್ನ ಕಣ್ಣೇ ಹಾಗಿರಬಹುದು.

ಮಧ್ಯಾಹ್ನ

ಕಪ್ಪಾಗಿದೆ. ಒಲೆಯ ಮಸಿಯಷ್ಟು ಕಪ್ಪು.

ಸೊರಬಕ್ಕೆ ಬಂದು ಮುಟ್ಟಿದ್ದೇವೆ, ರಂಗನಾಥನ ಗುಡಿಯ ಹತ್ತಿರ ಎಲ್ಲರೂ ಮಲಗಿದ್ದಾರೆ. ಅಜ್ಜಿ ಗೊರಕೆ ಹೊಡೆಯುತ್ತಿದ್ದಾರೆ. ಹದಿನಾರು ಜನರೂ ಅದೇ ನೀರು ಕುಡಿದಿದ್ದೇವೆ. ನಾನೂ ಕುಡಿದಿದ್ದೇನೆ, ಆದರೆ ನನ್ನ ಹೊಟ್ಟೆಯ ಯೋಚನೆಯೇ ನನಗೆ ಬರುತ್ತಿಲ್ಲ.

ಸಂಗಮೇಶಣ್ಣನಿಗೆ ಹೇಳಬೇಕು. ಹೇಳಿದರೆ ಮೊದಲನೆಯ ಪ್ರಶ್ನೆ, ಇಂಥ ಬಾಟಲಿ ನಿನ್ನ ಹತ್ತಿರ ಇತ್ತಾ ಎಂದು. ಎರಡನೆಯ ಪ್ರಶ್ನೆ, ಹೋದ ಜೂನಿನಲ್ಲಿ ಊರಿನ ನೀರು ಇದರಲ್ಲಿ ಹಾಕಿ ನೋಡಿದ್ದೆಯಾ ಎಂದು. ಅಲ್ಲಿಗೆ ನನ್ನ ಕಥೆ ಮುಗಿಯಿತು. ಕೆಲಸ ಹೋಗುತ್ತದೆ, ಪೊಲೀಸರು ಬರುತ್ತಾರೆ. ಬಾಟಲಿ ಕಪ್ಪಾದ ಕೂಡಲೇ ಎಲ್ಲರಿಗೂ ಕಾಯಿಲೆ ಬರಬೇಕೆಂದಿಲ್ಲ. ತರಬೇತಿಯಲ್ಲಿ ಹಾಗೆಂದೇ ಹೇಳಿದ್ದರು. ಅರವಟ್ಟಿಗೆಯ ಹೂವಮ್ಮನಿಗಾದರೂ ತಿಳಿಸೋಣ ಅಂದರೆ ಅವರ ಫೋನ್ ನಂಬರ್ ಇಲ್ಲ.

ಸಂಜೆ

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇನ್ನು ಮೇಲೆ ಬಿಸಿ ನೀರನ್ನೇ ಕುಡಿಯೋಣ, ಕಾಲುನೋವಿಗೆ ಒಳ್ಳೆಯದು ಎಂದು ಎಲ್ಲರಿಗೂ ಹೇಳಿದೆ. ಸದಾಶಿವಣ್ಣ ಮಾತ್ರ ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಇನ್ನೊಂದು ಕೊಪ್ಪರಿಗೆ ಒಲೆಗೆ ಏರಿಸಿದರು. ಅಜ್ಜಿ ರೊಟ್ಟಿ ತಿಂದರು, ಅವಲಕ್ಕಿ ತಿಂದರು, ಹೊಟ್ಟೆ ಹೇಗಿದೆ ಅಜ್ಜಿ ಎಂದು ನಾನು ನಾಲ್ಕು ಸಲ ಕೇಳಿದ್ದಕ್ಕೆ ಬೈದರು. ಬೈಯುವಷ್ಟು ಚೆನ್ನಾಗಿದ್ದಾರೆ. ಏನೂ ಆಗುವುದಿಲ್ಲ.

ಮಾರ್ಚ್ ೧೦, ಮಂಗಳವಾರ

ಉಳವಿಯ ದಾರಿಯಲ್ಲಿ ಬೆಳಗ್ಗೆ ಎಂಟೂವರೆಗೆ ಅಜ್ಜಿ ರಸ್ತೆ ಪಕ್ಕ ಕುಳಿತರು. ಸುಸ್ತು ಅಂದರು. ಆಮೇಲೆ ವಾಂತಿ. ಆಮೇಲೆ ಎದ್ದು ಪೊದೆಯ ಕಡೆ ಹೋದರು, ಅಲ್ಲಿಂದ ವಾಪಸ್ ಬರಲು ಅವರಿಗೆ ಆಗಲಿಲ್ಲ. ನಾನು ಹೋಗಿ ಹಿಡಿದೆ. ಅಕ್ಕಿ ತೊಳೆದ ನೀರಿನ ಹಾಗೆ ಹೋಗುತ್ತಿತ್ತು. ಉಜ್ಜಪ್ಪಜ್ಜನಿಗೂ ಹೀಗೇ ಹೋಗಿದ್ದು ಎಂದು ಊರಿನಲ್ಲಿ ಹೇಳುವುದನ್ನು ಕೇಳಿದ್ದೆ.

ಸಕ್ಕರೆ ಉಪ್ಪು ಹಾಕಿದ ನೀರು ಕುಡಿಸಿದೆ, ನಿಲ್ಲಲಿಲ್ಲ. ಒಂದು ಗಂಟೆಯಲ್ಲಿ ಕಣ್ಣು ಒಳಗೆ ಹೋಯಿತು, ಕೈಯ ಚರ್ಮ ಎಳೆದರೆ ಎಳೆದ ಹಾಗೇ ನಿಲ್ಲುತ್ತಿತ್ತು. ಇನ್ನಿಬ್ಬರಿಗೆ ಹೊಟ್ಟೆ ನುಲಿತ. ಸಂಗಮೇಶಣ್ಣ ಪೀಪಿ ಕೈಯಲ್ಲಿ ಹಿಡಿದುಕೊಂಡು ಏನು ಮಾಡಬೇಕೆಂದು ತೋಚದೆ ನಿಂತಿದ್ದರು. ಸದಾಶಿವಣ್ಣ ಬಂದವರೇ ಅಜ್ಜಿಯನ್ನು ಮಗುವಿನಂತೆ ಎತ್ತಿಕೊಂಡರು. ಮುಟ್ಟಬೇಡ ಎಂದು ಅಜ್ಜಿ ಕೈ ಆಡಿಸಿದರು, ಆ ಕೈಯಲ್ಲಿ ಬಲವಿರಲಿಲ್ಲ. ಪಾತ್ರೆಗಳನ್ನು ರಸ್ತೆಯಲ್ಲೇ ಇಳಿಸಿ, ಗೂಡ್ಸ್ ಆಟೊದಲ್ಲಿ ಗೋಣಿತಾಟು ಹಾಸಿ ಮಲಗಿಸಿ ಸೊರಬದ ಆಸ್ಪತ್ರೆಗೆ ತಂದೆವು. ದಾರಿಯುದ್ದಕ್ಕೂ ಅಜ್ಜಿಯ ಮೂಗಿನ ಹತ್ತಿರ ಬೆರಳು ಹಿಡಿದು ಕುಳಿತಿದ್ದೆ.

ಏನು ತಿಂದರು, ಎಲ್ಲಿಯ ನೀರು ಕುಡಿದರು ಎಂದು ಡಾಕ್ಟರು ಕೇಳಿದರು. ಸಂಚಿಯಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟೆ. ಯೋಚನೆ ಮಾಡಿ ಇಟ್ಟದ್ದಲ್ಲ. ಅವರು ಅದನ್ನು ನೋಡಿ, ಇದು ಯಾವಾಗ ಕಪ್ಪಾಯಿತು ಎಂದರು. ನಿನ್ನೆ ಮಧ್ಯಾಹ್ನ ಎಂದೆ. ಅವರು ನರ್ಸನ್ನು ಕೂಗಿದರು. ಎರಡೂ ಕೈಗೆ ಡ್ರಿಪ್ ಹಾಕಿದ್ದಾರೆ. ಇಪ್ಪತ್ತನಾಲ್ಕು ಗಂಟೆ ಕಳೆಯಬೇಕು, ವಯಸ್ಸಾಗಿದೆ, ಈಗಲೇ ಏನೂ ಹೇಳುವುದಿಲ್ಲ ಎಂದಿದ್ದಾರೆ.

ತಾಯಿ, ಇವರನ್ನು ಕರೆದುಕೊಳ್ಳಬೇಡ.

ಮಾರ್ಚ್ ೧೧, ಬುಧವಾರ

ಬೆಳಗಿನ ಜಾವಕ್ಕೆ ಅಜ್ಜಿಗೆ ಮೂತ್ರ ಬಂತು. ನರ್ಸಮ್ಮ ನಕ್ಕು, ಇನ್ನು ಪರವಾಗಿಲ್ಲ ಎಂದರು. ಮೂತ್ರ ಬಂತು ಎಂದು ಜೀವಮಾನದಲ್ಲಿ ಯಾರಾದರೂ ಇಷ್ಟು ಅತ್ತಿದ್ದಾರೋ ಇಲ್ಲವೋ, ನಾನು ಅತ್ತೆ.

ಕೂಡಲೇ ಆಟೊ ಮಾಡಿಕೊಂಡು ಹೂವಮ್ಮನ ಅರವಟ್ಟಿಗೆಗೆ ಹೋದೆ. ಹೋಗಬೇಕು ಅನ್ನಿಸಿತು, ಹೋದೆ. ಅಲ್ಲಿ ಆಗಲೇ ಇಬ್ಬರು ಬೈಕ್ ನಿಲ್ಲಿಸಿ ಲೋಟ ಹಿಡಿದಿದ್ದರು. ಕುಡೀಬೇಡಿ ಎಂದು ಆಟೊದಿಂದಲೇ ಕೂಗಿದೆ. ಹೂವಮ್ಮ ಗಾಬರಿಯಾದರು. ನಾನು ಎಲ್ಲ ಹೇಳಿದೆ. ಅವರು ಮೊದಲು ನಂಬಲಿಲ್ಲ, ಬಾಟಲಿ ತೋರಿಸಿದೆ. ಬಾವಿಯ ಮೋಟರ್ ಸುಟ್ಟು ವಾರವಾಗಿತ್ತಂತೆ. ಅರವಟ್ಟಿಗೆ ನಿಲ್ಲಬಾರದು ಎಂದು ಗದ್ದೆ ಕೆಳಗಿನ ಹೊಂಡದಿಂದ ಹೊತ್ತು ತಂದಿದ್ದರು. ದನ ಇಳಿಯುವ ಹೊಂಡ. ಬಟ್ಟೆಯಲ್ಲಿ ಸೋಸಿ, ಲಾವಂಚ ಹಾಕಿದ್ದರು.

"ಅವತ್ತೇ ಎಂತಕ್ಕೆ ಕೇಳ್ಲಿಲ್ಲ ನೀವು?" ಎಂದರು ಹೂವಮ್ಮ. "ಕೇಳಿದ್ರೆ ಹೇಳ್ತಿದ್ನಲ. ಮುಚ್ಚಿಡದು ಎಂತ ಇತ್ತು ನಂಗೆ?"

ನಿನ್ನೆ ಮೊನ್ನೆ ಎಷ್ಟು ಜನ ಕುಡಿದು ಹೋದರು ಎಂದು ಅವರಿಗೂ ಗೊತ್ತಿಲ್ಲ. ಅವರೇ ನಾಲ್ಕೂ ಮಡಕೆ ಬಗ್ಗಿಸಿ ಖಾಲಿ ಮಾಡಿದರು, ಆಮೇಲೆ ಚಪ್ಪರಕ್ಕೆ ಕಟ್ಟಿದ್ದ ಮಗಳ ಫೋಟೋ ಬಿಚ್ಚಿಕೊಂಡು ಮನೆಯ ಕಡೆ ಹೋದರು. ಸೋಮವಾರ ಮಧ್ಯಾಹ್ನ ಬಾಟಲಿ ಕಪ್ಪಾದದ್ದು, ನಾನು ಇಲ್ಲಿಗೆ ಬಂದು ಹೇಳಿದ್ದು ಬುಧವಾರ. ಜೂನಿನಲ್ಲೂ ಎರಡು ದಿನ, ಈಗಲೂ ಎರಡು ದಿನ.

ವಾಪಸ್ ಬಂದಾಗ ಅಜ್ಜಿ ಎಚ್ಚರವಾಗಿದ್ದರು. ಗೋಡೆಯ ಕಡೆ ತಿರುಗಿ ಮಲಗಿದ್ದವರು ನನ್ನ ಕಾಲಿನ ಸಪ್ಪಳಕ್ಕೆ ಈ ಕಡೆ ತಿರುಗಿದರು. ಸ್ವರ ಹೊರಡುತ್ತಿರಲಿಲ್ಲ, ಬಗ್ಗಿ ಕೇಳಿಸಿಕೊಳ್ಳಬೇಕಾಯಿತು.

"ರಜನಿ, ಒಂದು ಮಾತು. ಸದಾಶಿವಪ್ಪನ ಅನ್ನ ನಾನು ಒಂದು ಅಗುಳೂ ಮುಟ್ಟಿಲ್ಲ. ನನ್ನ ಬುತ್ತಿನೇ ತಿಂದೀನಿ. ಆದ್ರೂ ನಮ್ಮ ಯಜಮಾನರಿಗೆ ಬಂದದ್ದೇ ನನಗೂ ಬಂತಲ್ಲ. ಅದು ಹ್ಯಾಂಗೆ?"

ನೀರಿನಿಂದ ಅಜ್ಜಿ ಎಂದೆ.

"ಇದು ನೀರಿಂದ, ಗೊತ್ತಾತು. ಆವಾಗಿಂದು?"

ಗೊತ್ತಿಲ್ಲ ಎನ್ನುವ ಮಾತು ಬಾಯಲ್ಲಿ ಸಿದ್ಧವಾಗಿತ್ತು, ಒಂಬತ್ತು ತಿಂಗಳಿಂದ ಅದನ್ನೇ ಹೇಳಿಕೊಂಡು ಬಂದಿದ್ದೇನೆ. ಡ್ರಿಪ್ ಸೂಜಿ ಚುಚ್ಚಿದ್ದ ಅವರ ಕೈ ಹಾಸಿಗೆಯ ಮೇಲೆ ಇತ್ತು. ಅದೂ ನೀರಿನಿಂದ ಅಜ್ಜಿ, ನನ್ನಿಂದ ಎಂದೆ. ಪೈಪು ಒಡೆದದ್ದು, ಪುಡಿ ಹಾಕದೆ ಹಾಕಿದ್ದೇನೆ ಎಂದು ಬರೆದದ್ದು, ಪಾಯಸದ ಮಾತು ಹುಟ್ಟಿದಾಗ ಸುಮ್ಮನೆ ಇದ್ದುಬಿಟ್ಟದ್ದು, ಎಲ್ಲ ಹೇಳಿದೆ. ಹೇಳುವಾಗ ಮಂಚದ ಕಬ್ಬಿಣ ಹಿಡಿದುಕೊಂಡಿದ್ದೆ.

ಅಜ್ಜಿ ಬೈಯುತ್ತಾರೆ ಎಂದುಕೊಂಡಿದ್ದೆ. ಶಾಪ ಹಾಕುತ್ತಾರೆ, ಹೊಡೆಯುತ್ತಾರೆ, ಏನಾದರೂ. ಅವರು ತಮ್ಮ ಕೈಯನ್ನೇ ನೋಡಿಕೊಂಡರು.

"ಮೂರು ದಿನಾನೂ ನೀರು ನೀರು ಅಂತಿದ್ರು," ಎಂದರು. "ತಂಬಿಗೆ ಮೇಲೆ ತಂಬಿಗೆ ನಾನೇ ಕುಡಿಸಿದೆ. ಆ ನಲ್ಲಿ ನೀರನ್ನೇ."

ಹೇಳಿಬಿಟ್ಟರೆ ಭಾರ ಇಳಿಯುತ್ತದೆ ಎಂದುಕೊಂಡವಳು ನಾನು. ನನ್ನ ಭಾರವನ್ನು ಈ ಮುದುಕಿಯ ಎದೆಯ ಮೇಲೆ ಇಟ್ಟೆ. ನಿಮ್ಮ ತಪ್ಪಲ್ಲ ಅಜ್ಜಿ, ನಿಮಗೆ ಗೊತ್ತಿರಲಿಲ್ಲ ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ. ಸದಾಶಿವಪ್ಪನನ್ನು ಕರಿ ಎಂದರು, ಅವನ ಎದುರಿಗೆ ಇನ್ನೊಂದು ಸಲ ಹೇಳು ಎಂದರು.

ಸದಾಶಿವಣ್ಣ ಹೊರಗೆ ಬೆಂಚಿನ ಮೇಲೆ ನಿನ್ನೆಯಿಂದ ಕುಳಿತಿದ್ದರು. ಒಳಗೆ ಬಂದರು, ಬಾಗಿಲ ಹತ್ತಿರವೇ ನಿಂತರು. ಮತ್ತೊಮ್ಮೆ ಎಲ್ಲ ಹೇಳಿದೆ. ಎರಡನೆಯ ಸಲ ಹೇಳುವುದು ಮೊದಲಿಗಿಂತ ಕಷ್ಟವಾಯಿತು. ಅವರು ಕೂಗಾಡಲಿಲ್ಲ. ಯಾವ ದಿನ ಪುಡಿ ಹಾಕಲಿಲ್ಲ, ಯಾವ ತಾರೀಖು ಬರೆದೆ ಎಂದು ಒಂದೊಂದಾಗಿ ಕೇಳಿದರು. ಆಮೇಲೆ ಗೋಡೆಗೆ ಒರಗಿದರು.

"ಹಾಲು ನಾನೇ ರುಚಿ ನೋಡಿದ್ದೆ, ಚಲೋ ಇತ್ತು," ಎಂದರು. "ಆಮ್ಯಾಕೆ ಎಲ್ಲರೂ ಅಂದು ಅಂದು, ನನಗೇ ಅನುಮಾನ ಬಂತು. ನನ್ನ ನಾಲಿಗೆನೇ ನಾನು ನಂಬದ ಹಾಗೆ ಆದೆ ಕಣಮ್ಮ."

ಮಾರ್ಚ್ ೧೩, ಶುಕ್ರವಾರ

ಊರಿಗೆ ಬಂದಿದ್ದೇನೆ. ಉಳಿದವರನ್ನು ಕರೆದುಕೊಂಡು ಸಂಗಮೇಶಣ್ಣ ಮುಂದೆ ನಡೆದರು. ಆ ಇಬ್ಬರ ಹೊಟ್ಟೆ ಸರಿಯಾಗಿದೆ. ನನ್ನ ವಿಷಯ ಕೇಳಿ ಸಂಗಮೇಶಣ್ಣ ನನ್ನ ಮುಖ ನೋಡಲಿಲ್ಲ. ನಿನ್ನೆ ಫೋನ್ ಮಾಡಿದ್ದು ಅಜ್ಜಿಯ ಆರೋಗ್ಯ ಕೇಳಲಿಕ್ಕೆ, ಆದರೂ ಇಡುವ ಮೊದಲು, ಈಗ ನೀರು ಎಲ್ಲಿಯದು ಅಂತ ಕೇಳಿಯೇ ಕುಡೀತಿದೀವಿ ಎಂದರು. ಸೋಮವಾರ ಪಂಚಾಯಿತಿಯಲ್ಲಿ ಎಲ್ಲರ ಎದುರು ಹೇಳುತ್ತೇನೆ ಎಂದು ಸದಾಶಿವಣ್ಣನಿಗೆ ಮಾತು ಕೊಟ್ಟಿದ್ದೇನೆ, ಕಾಗದದಲ್ಲೂ ಬರೆದು ಇಟ್ಟಿದ್ದೇನೆ. ಏನಾಗುತ್ತದೋ ಗೊತ್ತಿಲ್ಲ. ಹೆದರಿಕೆ ಹಾಗೇ ಇದೆ, ಸ್ವಲ್ಪವೂ ಕಡಿಮೆಯಾಗಿಲ್ಲ.

ಸಿಗಂದೂರಿಗೆ ಹೋಗಿ ಬರುವುದಿಲ್ಲವೇ ಎಂದು ಬಸ್ ಸ್ಟ್ಯಾಂಡಿನಲ್ಲಿ ಸದಾಶಿವಣ್ಣನನ್ನು ಕೇಳಿದೆ. ಇನ್ನು ಅಲ್ಲಿ ಹೋಗಿ ಯಾರ ಮೇಲೆ ದೂರು ಕೊಡಲಿ, ಆಸಾಮಿ ಸಿಕ್ಕಾಯ್ತಲ್ಲ ಎಂದರು. ನಗುತ್ತಾ ಹೇಳಿದರೋ ಸಿಟ್ಟಿನಿಂದ ಹೇಳಿದರೋ ತಿಳಿಯಲಿಲ್ಲ.

ಅಜ್ಜಿಗೆ ಇನ್ನೂ ನಿಶ್ಶಕ್ತಿ. ಕಾಲು ಗಂಟೆಗೊಮ್ಮೆ ನೀರು ಕುಡಿಸುತ್ತಲೇ ಇರಬೇಕು, ಬಿಟ್ಟರೆ ಮತ್ತೆ ಇಲ್ಲಿಗೇ ತರಬೇಕಾಗುತ್ತದೆ ಎಂದು ಡಾಕ್ಟರು ಎರಡು ಸಲ ಹೇಳಿ ಕಳುಹಿಸಿದ್ದರು. ಆಸ್ಪತ್ರೆಯ ಎದುರಿನ ಹೋಟೆಲಿನಲ್ಲಿ ನಿಂತು, ಕುದಿಯುವುದನ್ನು ಕಣ್ಣಾರೆ ನೋಡಿ, ಆರಿಸಿ ಫ್ಲಾಸ್ಕಿಗೆ ತುಂಬಿಸಿಕೊಂಡಿದ್ದೆ. ಬಸ್ಸಿನಲ್ಲಿ ಅಜ್ಜಿ ಕಿಟಕಿ ಪಕ್ಕ, ನಾನು ಅವರ ಪಕ್ಕ, ಸದಾಶಿವಣ್ಣ ಮುಂದಿನ ಸೀಟಿನಲ್ಲಿ. ಬುಧವಾರದಿಂದ ಅಜ್ಜಿ ನನ್ನ ಜೊತೆ ಒಂದು ಮಾತೂ ಆಡಿಲ್ಲ.

ಸೊರಬ ಬಿಡುತ್ತಲೇ ಲೋಟ ಮುಂದೆ ಹಿಡಿದೆ. ಅವರು ಕಿಟಕಿಯ ಹೊರಗೆ ನೋಡಿದರು. ಇನ್ನೊಂದು ಸಲ ಹಿಡಿದೆ, ಮತ್ತೆ ಹಿಡಿದೆ. ಅಂಗಡಿಯಿಂದ ಬಾಟಲಿ ತರಲೇ ಎಂದರೆ ತಲೆ ಅಲ್ಲಾಡಿಸಿದರು, ದರ್ಶನವಾಗುವ ತನಕ ಕೊಂಡ ನೀರು ಮುಟ್ಟಬಾರದೆಂಬ ನೇಮವನ್ನು ಅವರು ಬಿಟ್ಟಿಲ್ಲ. ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಶಿರಾಳಕೊಪ್ಪ ಬಂತು, ಹೋಯಿತು. ಅವರ ತುಟಿ ಒಣಗಿ ಬಿಳಿಚಿಕೊಂಡಿತ್ತು, ನಾಲಿಗೆಯಿಂದ ಸವರಿಕೊಳ್ಳುತ್ತಿದ್ದರು. ಹಣೆಯ ಮೇಲೆ ಕೈಯಿಟ್ಟು ನೋಡಿದೆ, ಕೈ ತೆಗೆದುಹಾಕಿದರು. ಬೈಯಿರಿ ಅಜ್ಜಿ, ಹೊಡೆಯಿರಿ, ನೀರು ಮಾತ್ರ ಕುಡಿಯಿರಿ ಎಂದು ಬಸ್ಸಿನಲ್ಲಿ ಎಲ್ಲರೂ ನೋಡುವಂತೆ ಅತ್ತುಬಿಟ್ಟೆ.

ಸದಾಶಿವಣ್ಣ ಹಿಂದೆ ತಿರುಗಿದರು. ನನ್ನ ಕೈಯಿಂದ ಫ್ಲಾಸ್ಕ್ ತೆಗೆದುಕೊಂಡು, ಮುಚ್ಚಳಕ್ಕೆ ನೀರು ಬಗ್ಗಿಸಿ, ಅಜ್ಜಿಯನ್ನೇ ನೋಡುತ್ತಾ ಪೂರ್ತಿ ಕುಡಿದರು. ಮೀಸೆ ಒರೆಸಿಕೊಂಡರು. ಮತ್ತೆ ತುಂಬಿ ಅಜ್ಜಿಯ ಎದುರು ಹಿಡಿದರು.

"ಕುಡೀರಿ ಅಮ್ಮಾರೆ. ನೀರು ಚಲೋ ಐತಿ."

ಬಸ್ಸು ಒಂದು ಊರು ದಾಟುವವರೆಗೂ ಆ ಕೈ ಹಾಗೇ ಇತ್ತು. ಅಜ್ಜಿ ತಿರುಗಿದರು. ಒಂಬತ್ತು ತಿಂಗಳಿಂದ ಯಾರ ಕೈಯ ಅಗುಳನ್ನೂ ಮುಟ್ಟಿರಲಿಲ್ಲವೋ ಅದೇ ಕೈಯಿಂದ ಮುಚ್ಚಳ ತೆಗೆದುಕೊಂಡು ಕುಡಿದರು. ಇನ್ನೊಂದು ಕೇಳಿದರು.

ಮದುವೆಯ ಸಂಜೆ ಊರವರು ಉಳಿದ ಪಾಯಸವನ್ನು ಸದಾಶಿವಣ್ಣನ ಕಣ್ಣೆದುರೇ ತಿಪ್ಪೆಗೆ ಚೆಲ್ಲಿದರು. ನಾನು ಅಲ್ಲೇ ನಿಂತಿದ್ದೆ. ಅವತ್ತು ಒಂದು ಲೋಟ ತೆಗೆದುಕೊಂಡು ಎಲ್ಲರ ಮುಂದೆ ಕುಡಿದು ತೋರಿಸಿದ್ದರೆ ಸಾಕಿತ್ತು. ಅದರಲ್ಲಿ ಏನೂ ಇಲ್ಲ ಎಂದು ಇಡೀ ಊರಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ.